ಪಡಸಾಲೆಯ ಚಳಿಗಾಲ: ಕಲಬುರಗಿ ಸೀಮೆಯಲ್ಲಿ ಎಳೆಯ ಮಕ್ಕಳ ಮನೆಯಾಟದ ಇತಿಹಾಸ

ಬಿಸಿಲ ನಾಡೆಂದು ಹೆಸರಾದ ಕಲಬುರಗಿಗೂ ಒಂದು ಚಳಿಗಾಲವಿದೆ. ಅದರ ಸ್ವಭಾವವನ್ನು ಅರಿಯದೆ ಅಲ್ಲಿನ ಎಳೆಯ ಮಕ್ಕಳು ಮನೆಯೊಳಗೆ ಏನನ್ನು ಆಡಿದರು, ಯಾವ ಹೊತ್ತಿನಲ್ಲಿ ಆಡಿದರು, ಯಾರ ಜೊತೆ ಆಡಿದರು ಎಂಬುದನ್ನು ವಿವರಿಸಲಾಗದು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಈ ಎರೆಮಣ್ಣಿನ ಬಯಲಿನಲ್ಲಿ ಡಿಸೆಂಬರ್ ಮತ್ತು ಜನವರಿಯ ಮಧ್ಯಾಹ್ನಗಳು 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದು ಹೊಲದಲ್ಲಿ ಓಡಾಡುವ ಮಗುವಿಗೆ ಹಿತವಾಗಿಯೇ ಇರುತ್ತವೆ. ಆದರೆ ಹೊತ್ತು ಮುಳುಗಿದೊಡನೆ ನೆಲದ ಕಾವು ಬೇಗ ಆರಿ, ರಾತ್ರಿಯ ತಾಪಮಾನ 15 ಡಿಗ್ರಿಯ ಸುತ್ತಮುತ್ತಲಿಗೆ, ಕೆಲವು ರಾತ್ರಿ 10 ಡಿಗ್ರಿಗಿಂತಲೂ ಕೆಳಕ್ಕೆ ಇಳಿಯುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಇಲ್ಲಿನ ರಾತ್ರಿ ಹೆಚ್ಚುಕಡಿಮೆ 13 ತಾಸಿನದು. ಹಿಮ ಬೀಳುವ ದೇಶಗಳಲ್ಲಿ ಮಕ್ಕಳು ವಾರಗಟ್ಟಲೆ ಒಳಗೇ ಉಳಿಯಬೇಕಾಗುವುದರಿಂದ ಅಲ್ಲಿನ ಒಳಾಂಗಣ ಆಟ ಹಗಲಿನ ಆಟವಾಗಿ ಬೆಳೆಯಿತು. ಕಲಬುರಗಿ ಕೋಟೆಯ ಸುತ್ತಲಿನ ಹಳೆಯ ಓಣಿಗಳಿಂದ ಹುಮನಾಬಾದ್ ದಾರಿಯ ಮೇಲಿನ ಕಮಲಾಪುರದವರೆಗಿನ ಈ ಸೀಮೆಯಲ್ಲಾದರೋ ಅದು ದಿನದ ಎರಡು ತುದಿಗಳ ಆಟವಾಯಿತು. ದೀಪ ಹಚ್ಚಿದ ಮೇಲಿನ ಎರಡು ಮೂರು ತಾಸು ಮತ್ತು ಬಿಸಿಲು ಏರುವುದಕ್ಕೆ ಮುಂಚಿನ ಒಂದು ತಾಸು ಅದರ ಕಾಲಾವಧಿ.

ಈ ಸೀಮೆಯ ಮಕ್ಕಳ ಆಟಕ್ಕೆ ವರ್ಷಪೂರ್ತಿ ಒಂದು ಸರದಿ ಇತ್ತು. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತಿತ್ತು, ಮಕ್ಕಳು ಎರೆಮಣ್ಣನ್ನು ಮಿದ್ದು ಎತ್ತುಗಳನ್ನು ಮಾಡುತ್ತಿದ್ದರು. ಶ್ರಾವಣದ ನಾಗರಪಂಚಮಿಗೆ ಜೋಕಾಲಿ ಏರುತ್ತಿದ್ದರು. ಕಾರ್ತಿಕದ ಗೌರಿ ಹುಣ್ಣಿಮೆಗೆ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳು ಮರದ ಅಚ್ಚಿನಲ್ಲಿ ಎರಕ ಹೊಯ್ದ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೊರಡುತ್ತಿದ್ದರು. ಆ ಹುಣ್ಣಿಮೆ ಕಳೆದರೆ ಚಳಿ ಕಾಲಿಟ್ಟಿತೆಂದೇ ಅರ್ಥ. ಆಗ ಹೊಲದಲ್ಲಿ ತೊಗರಿ ಕಾಯಿ ಬಲಿತು ಕೊಯ್ಲಿಗೆ ಬರುತ್ತದೆ, ಹಿಂಗಾರಿ ಜೋಳ ತೆನೆ ಹಿರಿಯುತ್ತದೆ, ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯೆಗಳ ಊಟವನ್ನು ಭೂತಾಯಿಗೆ ಎಡೆಮಾಡಿ ಚರಗ ಚೆಲ್ಲುತ್ತಾರೆ. ಚರಗವೆಂದರೆ ಬೆಳೆದು ನಿಂತ ಪೈರಿಗೆ ಸಲ್ಲಿಸುವ ಅನ್ನದ ಕಾಣಿಕೆ. ತೊಗರಿ ಕೊಯ್ಲು, ಬಡಿಯುವುದು, ತೂರುವುದು ಎಲ್ಲವೂ ಹೆಣ್ಣಾಳುಗಳ ದುಡಿಮೆಯನ್ನು ನೆಚ್ಚಿಕೊಂಡ ಕೆಲಸಗಳಾದುದರಿಂದ, ವರ್ಷದಲ್ಲಿ ಅತ್ಯಂತ ಚಳಿಯ ತಿಂಗಳುಗಳೇ ತಾಯಂದಿರು ಮನೆಯಿಂದ ಅತಿ ಹೆಚ್ಚು ಹೊತ್ತು ದೂರವಿರುವ ತಿಂಗಳುಗಳೂ ಆದವು. ಈ ಸೀಮೆಯ ಚಳಿಗಾಲದ ಆಟದ ಇತಿಹಾಸದಲ್ಲಿ ಮುಖ್ಯ ಪಾತ್ರ ಆಯಿಯದು ಮತ್ತು ಮುತ್ಯಾನದು, ಅಂದರೆ ಅಜ್ಜಿಯದು ಮತ್ತು ಅಜ್ಜನದು, ಆದುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು.

ಆಟ ನಡೆದ ಜಾಗವನ್ನೂ ಅಷ್ಟೇ ಗಮನದಿಂದ ನೋಡಬೇಕಾಗುತ್ತದೆ. ಇಲ್ಲಿನ ಹಳೆಯ ವಾಸದ ಮನೆ ಮಾಳಿಗೆ ಮನೆ: ಕಲ್ಲು ಅಥವಾ ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ, ಜಂತಿಗಳನ್ನು ಹೊಂದಿಸಿ, ಅವುಗಳ ಮೇಲೆ ಮಣ್ಣನ್ನು ದಪ್ಪವಾಗಿ ಹೊದಿಸಿದ ಸಮತಟ್ಟು ಚಾವಣಿಯ ಮನೆ. ಕಿಟಕಿಗಳು ಕಡಿಮೆ, ಬೆಳಕು ಬರುವುದು ಚಾವಣಿಯ ಬೆಳಕಿಂಡಿಯಿಂದ. ಬೇಸಿಗೆಯ ಬಿಸಿಲನ್ನು ತಡೆಯಲೆಂದು ಕಟ್ಟಿದ ಈ ಗೋಡೆಗಳು ಚಳಿಗಾಲದಲ್ಲಿ ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತವೆ. ಒಕ್ಕಲಿಗರ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ತಗ್ಗಿನ ನೆಲದಲ್ಲಿ ದನಗಳು, ಅದಕ್ಕೆ ಹೊಂದಿಕೊಂಡು ಎತ್ತರದ ಕಟ್ಟೆಯ ಮೇಲೆ ಪಡಸಾಲೆ. ದನಗಳ ಮೈಶಾಖವೂ ಒಲೆಯ ಶಾಖವೂ ಸೇರಿ ಪಡಸಾಲೆಯೇ ಮನೆಯ ಬೆಚ್ಚನೆಯ ಭಾಗವಾಗುತ್ತಿತ್ತು. ನೆಲ ಮಾತ್ರ ತಣ್ಣಗಿರುತ್ತಿತ್ತು. ಸಗಣಿ ಸಾರಿಸಿದ ನೆಲ ಹಾಗಿರಲಿ, ಉಳ್ಳವರ ಮನೆಗಳಿಗೆ ಹಾಸಿದ ಶಹಾಬಾದಿನ ಫರಸಿ, ಅಂದರೆ ಈ ಜಿಲ್ಲೆಯ ಗಣಿಗಳಲ್ಲಿ ಪದರಪದರವಾಗಿ ಏಳುವ ಸುಣ್ಣಗಲ್ಲಿನ ಹಾಸು, ಮಾಗಿಯ ಇರುಳಿನಲ್ಲಿ ಬರಿಗಾಲು ಇಡಲಾಗದಷ್ಟು ಕೊರೆಯುತ್ತದೆ. ಹೀಗಾಗಿ ಎಳೆಯ ಕೂಸಿನ ಆಟ ನೆಲದಿಂದ ಮೇಲೆದ್ದು ದೊಡ್ಡವರ ಮೈಮೇಲೆ, ಇಲ್ಲವೇ ಕೌದಿಯ ಮೇಲೆ ನೆಲೆಗೊಂಡಿತು. ಕೌದಿಯೆಂದರೆ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರವಾಗಿ ಜೋಡಿಸಿ ಕೈಯಿಂದ ಹೊಲಿದ ದಪ್ಪ ಹೊದಿಕೆ. ಅದರದೇ ಸಣ್ಣ ರೂಪ ಕೂಸಿನ ತಲೆ ಬೆನ್ನುಗಳನ್ನು ಒಟ್ಟಿಗೆ ಮುಚ್ಚುವ ಕುಂಚಿಗೆ.

ಎಳೆಯ ಮಗುವಿನ ಕೋಣೆ ಮತ್ತು ಆಟಿಕೆ ಹೇಗಿರಬೇಕೆಂಬ ಚಿಂತನೆ ಭಾರತದಲ್ಲಿ ಬಹಳ ಹಳೆಯದು. ಚರಕಸಂಹಿತೆಯ ಶಾರೀರಸ್ಥಾನ ಕುಮಾರಾಗಾರವನ್ನು, ಎಂದರೆ ಮಗುವಿಗೆಂದು ಮೀಸಲಾದ ಕೋಣೆಯನ್ನು, ವಿವರಿಸುತ್ತ ಅದು ಬಿರುಗಾಳಿಗೆ ಒಡ್ಡಿಕೊಳ್ಳದೆ ಒಂದು ಕಡೆಯಿಂದ ಮಾತ್ರ ಗಾಳಿ ಆಡುವಂತಿರಬೇಕು, ಆಯಾ ಋತುವಿಗೆ ಹಿತವಾಗಿರಬೇಕು ಎನ್ನುತ್ತದೆ. ಆಟಿಕೆಗಳು ಬಣ್ಣಬಣ್ಣದವೂ ಸದ್ದು ಮಾಡುವವೂ ಹಗುರವೂ ಆಗಿರಬೇಕು, ಅವುಗಳ ತುದಿ ಚೂಪಾಗಿರಬಾರದು, ಅವು ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸುವಂತಿರಬಾರದು ಎಂದೂ ವಿಧಿಸುತ್ತದೆ. ಈ ಗ್ರಂಥವನ್ನು ಓದಿರದ ಹಳ್ಳಿಯ ಮನೆಗಳೂ ಅನುಭವದಿಂದ ಇದೇ ತೀರ್ಮಾನಕ್ಕೆ ಬಂದಿದ್ದವು. ತೊಟ್ಟಿಲ ಕೂಸಿಗೆ ಗಿಲಗಂಚಿ ಅಥವಾ ಗಿಲಕಿ, ಹೆಜ್ಜೆ ಕಲಿಯುವ ಮಗುವಿಗೆ ಮೂರು ಗಾಲಿಯ ಮರದ ಬಂಡಿ, ಮೂರು ನಾಲ್ಕು ವರ್ಷದ ಮಗುವಿಗೆ ಪುಟ್ಟ ಒಲೆ, ಕೊಡ, ತಾಟುಗಳ ಆಟಿಗೆ ಸಾಮಾನು. ಇವು ಜಾತ್ರೆಯಲ್ಲಿ ಕೊಂಡ ವಸ್ತುಗಳು. ಕಲಬುರಗಿಯಲ್ಲಿ ಶರಣಬಸವೇಶ್ವರರ (1746–1822) ಜಾತ್ರೆ ಹೋಳಿ ಹುಣ್ಣಿಮೆಯ ಬಳಿಕ, ಚಳಿ ಪೂರ್ತಿ ಹೋದ ಮೇಲೆ ನೆರೆಯುವುದರಿಂದ, ಅಲ್ಲಿ ಕೊಂಡ ಆಟಿಕೆ ಮುಂದಿನ ಚಳಿಗಾಲದ ಹೊತ್ತಿಗೆ ಮುರಿದೋ ಕಳೆದೋ ಹೋಗಿರುವ ಸಂಭವವೇ ಹೆಚ್ಚು. ಗಜ್ಜುಗ, ಕವಡೆ, ಹುಣಸೆಬೀಜ ಮುಂತಾದ ಸಣ್ಣ ಕಾಯಿಗಳು ಐದು ವರ್ಷ ದಾಟಿದವರ ಪಾಲು, ಕೂಸಿನ ಕೈಗೆ ಸಿಗದಂತೆ ಅವನ್ನು ಗಂಟುಕಟ್ಟಿ ಮಾಡದಲ್ಲಿ, ಎಂದರೆ ಗೋಡೆಯ ಗೂಡಿನಲ್ಲಿ, ಇಡುವ ಕಟ್ಟುನಿಟ್ಟು ಇತ್ತು.

ಹೀಗೆ ವಸ್ತುವೇ ಇಲ್ಲದ ಆಟಗಳು ಚಳಿಗಾಲದ ಸಂಜೆಯನ್ನು ಆಳಿದವು. ಮುತ್ಯಾ ಅಂಗಾತ ಮಲಗಿ ಮೊಣಕಾಲು ಮಡಚಿ, ಮುಂಗಾಲ ಮೇಲೆ ಕೂಸನ್ನು ಕೂರಿಸಿಕೊಂಡು ತೂಗುವುದು, ಅಂಬೆಗಾಲಿಕ್ಕಿ ಆನೆಯಾಗುವುದು, ಮಗುವನ್ನು ಬೆನ್ನಿಗೆ ಹಾಕಿಕೊಂಡು ಉಪ್ಪಿನ ಮೂಟೆ ಮಾರುವವನಂತೆ ಒಬ್ಬೊಬ್ಬರ ಮುಂದೆಯೂ ನಿಂತು ಬೆಲೆ ಕೇಳುವುದು. ಇವೆಲ್ಲವುಗಳಲ್ಲಿ ದೊಡ್ಡವರ ಮೈ ಮಗುವಿಗೆ ತಾಗಿರುತ್ತದೆ ಎಂಬುದು ಗಮನಾರ್ಹ: ಆಟವೂ ಬೆಚ್ಚಗಿಡುವ ಉಪಾಯವೂ ಇಲ್ಲಿ ಒಂದೇ. ಸ್ವಲ್ಪ ದೊಡ್ಡ ಮಕ್ಕಳಿಗೆ ಅಟ್ಟಮುಟ್ಟ. ನಾಲ್ಕಾರು ಮಕ್ಕಳು ಕೌದಿಯ ಸುತ್ತ ದುಂಡಗೆ ಕೂತು ಅಂಗೈಗಳನ್ನು ಬೋರಲಾಗಿ ಇಡುತ್ತಾರೆ. ಆಯಿ ಒಂದು ಹಾಡನ್ನು ಹೇಳುತ್ತ ಪ್ರತಿ ಪದಕ್ಕೂ ಒಂದೊಂದು ಕೈಯನ್ನು ಮುಟ್ಟುತ್ತ ಹೋಗುತ್ತಾಳೆ. ಹಾಡಿನ ಕೊನೆಯ ಪದ ಯಾವ ಕೈಯ ಮೇಲೆ ಬಿದ್ದಿತೋ ಆ ಕೈ ಮಡಚಿಕೊಳ್ಳುತ್ತದೆ, ಎಲ್ಲ ಕೈಗಳೂ ಮಡಚಿದ ಮೇಲೆ ಅವು ಕಂಕುಳಲ್ಲಿ ಅಡಗುತ್ತವೆ. ಎಣಿಕೆ, ಸರದಿ, ಕಾಯುವ ತಾಳ್ಮೆ ಮೂರನ್ನೂ ಒಂದೇ ಆಟ ಕಲಿಸುತ್ತಿತ್ತು, ತಣ್ಣಗಾದ ಬೆರಳುಗಳು ಕೊನೆಗೆ ಬೆಚ್ಚನೆಯ ಜಾಗವನ್ನು ಸೇರುತ್ತಿದ್ದವು. ಪೂರ್ವ ಪ್ರಾಥಮಿಕ ಶಿಕ್ಷಣದ ಯಾವ ಪಠ್ಯಕ್ರಮವೂ ಇದಕ್ಕಿಂತ ಚೊಕ್ಕವಾದ ಚಟುವಟಿಕೆಯನ್ನು ರೂಪಿಸಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಬರೆಹದ ಇತಿಹಾಸ ಈ ಆಟಗಳ ಕಡೆಗೆ ನೋಡಲಿಲ್ಲ. ಕಲಬುರಗಿಗೆ ನೂರು ಕಿಲೋಮೀಟರಿಗಿಂತ ಹತ್ತಿರವಿರುವ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ಭಾಗವೇ ಕ್ರೀಡಾವಿಂಶತಿ, ಅಲ್ಲಿ ವನಕ್ರೀಡೆ, ಜಲಕ್ರೀಡೆಗಳ ಜೊತೆಗೆ ಪ್ರಹೇಲಿಕೆ ಅಂದರೆ ಒಗಟು, ಚತುರಂಗ, ಪಾಶಕ ಅಂದರೆ ದಾಳದಾಟ, ವರಾಟಿಕಾ ಅಂದರೆ ಕವಡೆಯಾಟ ಇವೆಲ್ಲವೂ ಬರುತ್ತವೆ. ಆದರೆ ಅವು ಅರಸನ ಮತ್ತು ಅವನ ಅಂತಃಪುರದ ವಿನೋದಗಳು. ಅದಕ್ಕೂ ಒಂದು ತಲೆಮಾರಿನ ಹಿಂದೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಊರೆಂದು ಇದೇ ಜಿಲ್ಲೆಯ ಮರತೂರನ್ನು ಗುರುತಿಸಲಾಗಿದೆ. ಆ ಗ್ರಂಥದಲ್ಲಿ ಜೂಜನ್ನು ಕುರಿತ ಪ್ರಕರಣವೇ ಇದೆ, ಅಲ್ಲಿ ಆಟ ಕಾಣಿಸಿಕೊಳ್ಳುವುದು ಪಣ, ಸೋಲು, ವ್ಯಾಜ್ಯಗಳ ಪ್ರಶ್ನೆಯಾಗಿ. ಒಂದೇ ಸೀಮೆಯಲ್ಲಿ ಹುಟ್ಟಿದ ಎರಡು ಮಹಾಗ್ರಂಥಗಳು ಆಟದ ಬಗ್ಗೆ ಇಷ್ಟೊಂದು ಹೇಳಿಯೂ ಪಡಸಾಲೆಯ ಕೂಸನ್ನು ಬಿಟ್ಟುಬಿಟ್ಟದ್ದು ವಿಷಾದದ ಸಂಗತಿ.

ಆದರೂ ಕವಡೆಯಾಟದ ಒಂದು ಮನೆಮಾತಿನ ರೂಪ ಇಂದಿಗೂ ಉಳಿದಿದೆ, ಅದು ಚೌಕಾಬಾರ. ಐದು ಸಾಲು ಐದು ಅಂಕಣಗಳ 25 ಮನೆಗಳನ್ನು ಸುಣ್ಣದ ಕಲ್ಲಿನಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಬರೆದು, ನಾಲ್ಕೂ ಅಂಚಿನ ನಡುಮನೆಗಳಿಗೂ ಒಳನಡುವಿನ ಮನೆಗೂ ಅಡ್ಡಗೀರು ಹಾಕುತ್ತಾರೆ. ಆ ಗೀರುಮನೆಯಲ್ಲಿ ನಿಂತ ಕಾಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಬಾರ ಅಂದರೆ ಎಂಟು. ಹೊರಸುತ್ತು, ಒಳಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆಬೀಜವೇ ಕವಡೆ. ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಕಂದು ಸಿಪ್ಪೆ ಹೋಗಿ ಬಿಳಿ ತಿರುಳು ಕಾಣುವವರೆಗೂ ಉಜ್ಜಬೇಕು. ಈ ಕೆಲಸ ಚಿಕ್ಕ ಮಕ್ಕಳ ಪಾಲಿಗೆ ಬರುತ್ತಿತ್ತು, ಉಜ್ಜಿದಾಗ ಬೀಜ ಚೆನ್ನಾಗಿ ಕಾಯುವುದರಿಂದ ಅದನ್ನು ಪಕ್ಕದವರ ತೋಳಿಗೆ ಚುರುಕ್ಕೆಂದು ತಾಗಿಸಿ ಓಡುವುದು ಆಟದ ಮುಂಚಿನ ಆಟವಾಗಿತ್ತು. ಹಂಪಿಯ ದೇವಾಲಯಗಳ ನೆಲಹಾಸಿನಲ್ಲಿ ಕೊರೆದಿರುವ ಹುಲಿಯಾಟ, ಚೌಕದ ಮನೆಗಳನ್ನು ಇಂದಿಗೂ ಕಾಣಬಹುದು. ಮನೆಯ ನೆಲದ ಮೇಲೆ ಇದ್ದಿಲಿನಿಂದ ಬರೆದ ಪಟ ಮರುದಿನ ಬೆಳಗಿನ ಸಾರಣೆಯೊಡನೆ ಅಳಿಸಿಹೋಗುವುದರಿಂದ ಪುರಾತತ್ವಕ್ಕೆ ಅದರ ಕುರುಹು ಸಿಗದು.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಕೋಟೆಯನ್ನು ಬಲಪಡಿಸಿದ ಮೇಲೆ, 1367ರಲ್ಲಿ ಕೋಟೆಯೊಳಗೆ ಜಾಮಿ ಮಸೀದಿ ಎದ್ದ ಮೇಲೆ, 1400ರ ಸುಮಾರಿಗೆ ಖ್ವಾಜಾ ಬಂದೇನವಾಜರು ಬಂದು ನೆಲೆಸಿದ ಮೇಲೆ ಈ ಊರಿನ ಮನೆಗಳೊಳಗೆ ಕನ್ನಡ, ಮರಾಠಿ, ತೆಲುಗುಗಳ ಜೊತೆಗೆ ದಖ್ಖನಿಯೂ ಮಾತಿನ ಭಾಷೆಯಾಯಿತು. ಇತಿಹಾಸಕಾರ ರಿಚರ್ಡ್ ಈಟನ್ ತೋರಿಸಿಕೊಟ್ಟಿರುವಂತೆ ದಖ್ಖನಿನ ಸೂಫಿಗಳು ಹೆಂಗಸರ ಮನೆಗೆಲಸಕ್ಕೆ ಹೊಂದುವ ಹಾಡುಗಳನ್ನು ರಚಿಸಿದರು: ಬೀಸುವಾಗ ಹಾಡುವ ಚಕ್ಕಿನಾಮಾ, ನೂಲುವಾಗ ಹಾಡುವ ಚರಖಾನಾಮಾ, ಮಗುವನ್ನು ಮಲಗಿಸುವಾಗ ಹಾಡುವ ಲೋರಿನಾಮಾ. ಇಲ್ಲಿ ಮೊದಲ ಬಾರಿಗೆ ಈ ಸೀಮೆಯ ಕೂಸಿನ ತೊಟ್ಟಿಲು ಬರೆಹದೊಳಗೆ ಬರುತ್ತದೆ ಎನ್ನಬಹುದು. ರಾಜಧಾನಿ ಹದಿನೈದನೆಯ ಶತಮಾನದ ಮೊದಲರ್ಧದಲ್ಲೇ ಬೀದರಿಗೆ ಹೋಯಿತು. ಲೋರಿ ಮಾತ್ರ ಉಳಿಯಿತು, ಓಣಿಯ ಈಚೆಗಿನ ಕನ್ನಡದ ಜೋಗುಳಕ್ಕೂ ಆಚೆಗಿನ ದಖ್ಖನಿ ಲೋರಿಗೂ ಒಂದೇ ತೂಗು, ಒಂದೇ ಲಯ. ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಕನ್ನಡದ ಹೆಣ್ಣುಮಕ್ಕಳ ಬಾಯಲ್ಲಿದ್ದ ಕೂಸಿನ ಹಾಡುಗಳಿಗೂ ಪುಸ್ತಕದ ಮನ್ನಣೆ ಬಂತು.

ಚಳಿಗಾಲದ ಮನೆಯಾಟವೇ ಹಬ್ಬವಾಗುವ ಒಂದು ಸಂದರ್ಭವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಂಕ್ರಾಂತಿಯ ಮರುದಿನ ಕರಿ. ಅಂದಿನಿಂದ ರಥಸಪ್ತಮಿಯವರೆಗಿನ ಯಾವುದಾದರೊಂದು ಸಂಜೆ ಐದು ವರ್ಷದೊಳಗಿನ ಮಕ್ಕಳಿಗೆ ಕರಿ ಎರೆಯುವ ಪದ್ಧತಿ ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿದೆ. ಮರಾಠಿ ಮನೆಗಳ ಬೋರ್‌ನಹಾಣ, ತೆಲುಗರ ಭೋಗಿಪಳ್ಳು ಇದರ ಒಡಹುಟ್ಟುಗಳಾದುದರಿಂದ ಮೂರು ಭಾಷೆಗಳ ಸಂಧಿಯಲ್ಲಿರುವ ಕಲಬುರಗಿಗೆ ಇದು ಸಹಜವಾಗಿ ಒಗ್ಗಿದ ಆಚರಣೆ. ಮಗುವನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಬಾರಿಹಣ್ಣು, ಕಬ್ಬಿನ ತುಂಡು, ಹಸಿ ಕಡಲೆಯ ಸುಲಗಾಯಿ, ಚುರುಮುರಿ, ಬತ್ತಾಸು, ಚಿಲ್ಲರೆ ಕಾಸುಗಳನ್ನು ಬೆರೆಸಿ ತಲೆಯ ಮೇಲಿನಿಂದ ನೀರೆರೆದಂತೆ ಎರೆಯುತ್ತಾರೆ. ಕರೆದು ತಂದ ಓಣಿಯ ಮಕ್ಕಳು ಸುತ್ತಲೂ ಕಾದು ಕೂತಿದ್ದು, ಎರೆದೊಡನೆ ನುಗ್ಗಿ ಆರಿಸಿಕೊಳ್ಳುತ್ತಾರೆ. ದೃಷ್ಟಿ ತಾಗದಿರಲಿ, ಋತು ಬದಲಾಗುವಾಗಿನ ಕಾಯಿಲೆ ಕಾಡದಿರಲಿ ಎಂಬುದು ಹಿರಿಯರ ಆಶಯ. ಎರೆಯುವುದರಲ್ಲಿ ಹೆಚ್ಚಿನದು ಆ ಕಾಲದಲ್ಲಿ ಹೊಲ, ತೋಟಗಳಿಂದ ಮನೆಗೆ ಬಂದ ಫಸಲೇ ಆಗಿರುವುದು ಈ ಆಚರಣೆಯ ಸೊಗಸು. ಒಂದು ವರ್ಷದ ಕೂಸು ತನ್ನ ಮಡಿಲಿಗೆ ಬಿದ್ದ ಬಾರಿಹಣ್ಣನ್ನು ಹಿಡಿದು ನೋಡುತ್ತ ಕೂತಿರುತ್ತದೆ, ನಾಲ್ಕು ವರ್ಷದ್ದು ಮಣೆ ಬಿಟ್ಟು ತಾನೂ ಆರಿಸಲು ಇಳಿಯುತ್ತದೆ, ಮನೆಯವರು ಎರಡನ್ನೂ ಒಪ್ಪಿಕೊಳ್ಳುತ್ತಾರೆ.

ಇದೇ ಸಂದರ್ಭದಲ್ಲಿ ಮಗುವಿಗೆ ತೊಡಿಸುವ ಕುಸುರೆಳ್ಳಿನ ಒಡವೆಗಳು ಚಳಿಯನ್ನೇ ಸಲಕರಣೆಯಾಗಿ ಬಳಸುವ ಕುಶಲಕಲೆ. ಕುಸುರೆಳ್ಳೆಂದರೆ ಎಳ್ಳಿಗೆ ಸಕ್ಕರೆ ಪಾಕದ ಪದರಗಳನ್ನು ಹತ್ತಿಸಿ ಮೈತುಂಬ ಸಣ್ಣ ಮುಳ್ಳುಗಳನ್ನು ಎಬ್ಬಿಸಿದ ಕಾಳು. ನಸುಕಿನಲ್ಲಿ ಎದ್ದು, ಮಂದ ಕೆಂಡದ ಶೇಗಡಿಯ ಮೇಲೆ ಅಗಲ ಪಾತ್ರೆಯಿಟ್ಟು, ಎಳ್ಳಿನ ಮೇಲೆ ಚಮಚ ಚಮಚವಾಗಿ ಪಾಕ ಬಿಡುತ್ತ ಬೆರಳ ತುದಿಯಿಂದ ಒಂದೇ ಸಮನೆ ಆಡಿಸುತ್ತಿರಬೇಕು. ಗಾಳಿ ತಣ್ಣಗಿದ್ದಷ್ಟೂ ಪಾಕ ಬೇಗ ಕಟ್ಟಿ ಮುಳ್ಳು ಚೆನ್ನಾಗಿ ಏಳುತ್ತದೆ, ಬಿಸಿಲೇರಿದರೆ ಕಾಳು ನುಣುಪಾಗಿಬಿಡುತ್ತದೆ. ದಿನಗಟ್ಟಲೆ ನಡೆಯುವ ಈ ಕೆಲಸದ ಹೊತ್ತಿನಲ್ಲಿ ಶೇಗಡಿಯ ಸುತ್ತ ಮೈ ಕಾಯಿಸಿಕೊಳ್ಳುತ್ತ ಕೂತ ಮಕ್ಕಳಿಗೆ ಒಡಪು, ಒಗಟುಗಳನ್ನು ಒಡ್ಡುವುದು ರೂಢಿ. ಆಮೇಲೆ ಆ ಕಾಳುಗಳನ್ನು ದಾರಕ್ಕೆ ಪೋಣಿಸಿ ಹಾರ, ಬಳೆ, ಕಿರೀಟಗಳನ್ನು ಮಾಡಿ ತೊಡಿಸಿದರೆ, ಎರೆದ ಸಂಜೆಯೇ ಒಡವೆಯ ಬಹುಭಾಗ ಮಗುವಿನ ಹೊಟ್ಟೆ ಸೇರುತ್ತದೆ.

ಇವನ್ನು ಹೇಳುವಾಗ ಹಳೆಯ ಚಳಿಗಾಲವನ್ನು ಸುಖದ ಚಿತ್ರವಾಗಿ ಮಾತ್ರ ಬಿಡಿಸುವುದು ಸರಿಯಲ್ಲ. ಕುಸುರೆಳ್ಳಿನ ಒಡವೆ ಅನುಕೂಲಸ್ಥರ ಮನೆಯದು. ಕೂಲಿಕಾರರ ಮಗು ತೊಗರಿ ಹೊಲದ ಬದುವಿನಲ್ಲಿ ಸೀರೆಯ ಜೋಲಿಯಲ್ಲಿ ಹಗಲು ಕಳೆಯುತ್ತಿತ್ತು, ಅದನ್ನು ನೋಡಿಕೊಳ್ಳುವ ಏಳೆಂಟು ವರ್ಷದ ಅಕ್ಕನಿಗೆ ತನ್ನ ಆಟವನ್ನೇ ಬಿಟ್ಟುಕೊಡಬೇಕಾಗುತ್ತಿತ್ತು. ಕಿಟಕಿಯಿಲ್ಲದ ಮಾಳಿಗೆಯಲ್ಲಿ ತೊಗರಿ ಕಟ್ಟಿಗೆಯ ಹೊಗೆ ತುಂಬಿ ಎಳೆಯ ಮಕ್ಕಳ ಎದೆ ಕಟ್ಟುತ್ತಿತ್ತು. ಶೇಗಡಿಯ ಕೆಂಡ ಆಡುವ ಮಕ್ಕಳಿಗೆ ಅಪಾಯವೂ ಹೌದು. ಇವುಗಳಿಗೆ ಉತ್ತರ ಹುಡುಕಿದ್ದು ಸಂಪ್ರದಾಯವಲ್ಲ, ಇಪ್ಪತ್ತನೆಯ ಶತಮಾನದ ಸಾರ್ವಜನಿಕ ವ್ಯವಸ್ಥೆ. ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು 1956ರಲ್ಲಿ ಕಲಬುರಗಿ ಮೈಸೂರು ರಾಜ್ಯದೊಳಗೆ ಬಂದ ಮೇಲೆ ಶಾಲೆ, ರಸ್ತೆ, ವಿದ್ಯುತ್ತು ನಿಧಾನವಾಗಿ ಹಳ್ಳಿಗಳನ್ನು ತಲುಪಿದವು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಗೋಡೆಯ ಮೇಲೆ ಕೈಬೆರಳಿನಿಂದ ನಾಯಿ, ಜಿಂಕೆಗಳ ನೆರಳು ಮೂಡಿಸುವ ಆಟ ವಿದ್ಯುದ್ದೀಪದ ಕೆಳಗೆ ಸೊರಗಿತು. ಮಕ್ಕಳ ಮನೆಯಾಟದ ದೃಷ್ಟಿಯಿಂದ ನಿರ್ಣಾಯಕವಾದ ವರ್ಷ 1975. ಆ ವರ್ಷದ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸುವ ‘ಸೈಟ್’ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡ ಅದರಲ್ಲಿ ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಪ್ರಯೋಗ ಒಂದು ವರ್ಷಕ್ಕೆ ಮುಗಿದರೂ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರವೇ ತೆರೆಯಿತು. ಬೆಂಗಳೂರಿಗಿಂತಲೂ ಮೊದಲು ಟೆಲಿವಿಷನ್ ಕಂಡ ಈ ಸೀಮೆಯಲ್ಲಿ ಚಳಿಗಾಲದ ಸಂಜೆ ಪಡಸಾಲೆಯಿಂದ ಸಮುದಾಯದ ಪೆಟ್ಟಿಗೆಯ ಮುಂದಕ್ಕೆ, ಕ್ರಮೇಣ ಮನೆಯ ಪೆಟ್ಟಿಗೆಯ ಮುಂದಕ್ಕೆ, ಈಗ ಅಂಗೈಯ ಮೊಬೈಲಿನೊಳಕ್ಕೆ ಸರಿದುಹೋಗಿದೆ.

ಅದೇ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, ಆಮೇಲೆ ಇತರ ಜಿಲ್ಲೆಗಳಿಗೂ ಹರಡಿತು. ಹೊಲಕ್ಕೆ ಹೋಗುವ ತಾಯಿ ಮೂರರಿಂದ ಆರು ವರ್ಷದ ಮಗುವನ್ನು ಬಿಟ್ಟುಹೋಗಬಹುದಾದ, ಹೊಗೆಯಿಲ್ಲದ, ಊಟವಿರುವ, ಆಟವೇ ಕಲಿಕೆಯಾಗಿರುವ ಒಂದು ಕೋಣೆಯನ್ನು ಅಂಗನವಾಡಿ ಮೊದಲ ಬಾರಿಗೆ ಎಲ್ಲ ಜಾತಿ, ಎಲ್ಲ ಮನೆಗಳ ಮಕ್ಕಳಿಗೂ ತೆರೆಯಿತು. ಅಲ್ಲಿಗಾಗಿ ಕರ್ನಾಟಕ ರೂಪಿಸಿದ ಪಠ್ಯಕ್ರಮದ ಹೆಸರು ‘ಚಿಲಿಪಿಲಿ’. 2023ರಲ್ಲಿ ಕೇಂದ್ರವು ಮೂರರಿಂದ ಎಂಟು ವರ್ಷದವರಿಗಾಗಿ ‘ಜಾದೂಯಿ ಪಿಟಾರಾ’ ಎಂಬ ಆಟದ ಪೆಟ್ಟಿಗೆಯನ್ನು ಹೊರತಂದು, ಸ್ಥಳೀಯ ಆಟಿಕೆ, ಹಾಡು, ಕಥೆಗಳನ್ನು ಅದಕ್ಕೆ ಸೇರಿಸಿಕೊಳ್ಳಲು ಅವಕಾಶ ಕೊಟ್ಟಿದೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರದ ಅಂಗನವಾಡಿಗಳಾಗಲಿ, ಕೋಟೆಯ ಸುತ್ತಲಿನ ಓಣಿಗಳ ಅಂಗನವಾಡಿಗಳಾಗಲಿ ಆ ಪೆಟ್ಟಿಗೆಗೆ ಹಾಕಬೇಕಾದ ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಅಟ್ಟಮುಟ್ಟದ ಹಾಡು ಪೂರ್ತಿ ಬಲ್ಲ, ಹುಣಸೆಬೀಜ ಉಜ್ಜಿ ಚೌಕಾಬಾರ ಆಡಿದ, ದಖ್ಖನಿ ಲೋರಿಯನ್ನೋ ಕನ್ನಡದ ಜೋಗುಳವನ್ನೋ ಹಾಡಿ ಮಕ್ಕಳನ್ನು ಮಲಗಿಸಿದ ಹೆಂಗಸರು ಅದೇ ಓಣಿಯಲ್ಲಿ ಇನ್ನೂ ಇದ್ದಾರೆ. ಅವರನ್ನು ವಾರಕ್ಕೊಮ್ಮೆ ಅಂಗನವಾಡಿಗೆ ಕರೆದು ಮಕ್ಕಳ ನಡುವೆ ಕೂರಿಸಬೇಕು. ಅವರು ಆಡಿಸುವುದನ್ನು ಕಾರ್ಯಕರ್ತೆಯರು ಹಾಡು, ನಿಯಮ, ಹೆಸರುಗಳ ಸಮೇತ ಬರೆದುಕೊಳ್ಳಬೇಕು. 1980ರಿಂದ ಇದೇ ನೆಲದಲ್ಲಿರುವ ಗುಲಬರ್ಗಾ ವಿಶ್ವವಿದ್ಯಾಲಯ ಆ ಬರೆಹಗಳನ್ನು ಕೂಡಿಸಿ ಅಚ್ಚು ಹಾಕಿಸಬೇಕು. ಈ ಕೆಲಸವನ್ನು ಬರುವ ಎಳ್ಳ ಅಮಾವಾಸ್ಯೆಯ ಚಳಿಯಲ್ಲೇ ಆರಂಭಿಸುವುದು ಒಳ್ಳೆಯದು.